ಇಲಿಯ ಗುಲ್ಮ, ನಮ್ಮ ರಕ್ತ

(ವಿಜ್ಞಾನದಲ್ಲಿ ಆಸಕ್ತಿಯಿರುವ ಗೆಳೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಹಲಗೆಯ ಮೇಲೆ ಗೀಚಿದ ಚಿತ್ರಗಳ ಬದಲು ಅಲ್ಲಲ್ಲಿ ಒಂದೆರಡು ವಾಕ್ಯ ಸೇರಿಸಿದ್ದೇನೆ. ಕೊನೆಗೆ ಬಂದ ಒಂದು ಪ್ರಶ್ನೆಯನ್ನೂ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಎಚ್‌ಐವಿ ಜೊತೆ ಬದುಕುತ್ತಿರುವವರು ಚಿಕಿತ್ಸೆಗೆಂದು ಎಆರ್‌ಟಿ ಕೇಂದ್ರಕ್ಕೆ ಹೋದಾಗ ಕೈಗೆ ಸಿಗುವ ಚೀಟಿಯಲ್ಲಿ ‘ಸಿಡಿ4’ ಎಂದು ಬರೆದು ಅದರ ಮುಂದೆ ಒಂದು ಸಂಖ್ಯೆ ಹಾಕಿರುತ್ತಾರೆ. ಆರೋಗ್ಯವಂತರಲ್ಲಿ ಅದು ಒಂದು ಮೈಕ್ರೊಲೀಟರ್ ರಕ್ತಕ್ಕೆ ಸುಮಾರು 500ರಿಂದ 1500. ಅದು 200ಕ್ಕಿಂತ ಕೆಳಗೆ ಬಂದರೆ ವೈದ್ಯರ ಮುಖ ಗಂಭೀರವಾಗುತ್ತದೆ, ಯಾಕೆಂದರೆ ಸಾಮಾನ್ಯ ಮನುಷ್ಯನ ಹತ್ತಿರ ಸುಳಿಯದ ಸೋಂಕುಗಳೂ ಆಗ ಮೈಗೆ ಹತ್ತುತ್ತವೆ. ಸಿಡಿ4 ಎಂದರೆ ಕೋಶದ ಮೈಮೇಲಿರುವ ಒಂದು ಪ್ರೋಟೀನು. ಅದನ್ನು ಹೊತ್ತವು ಎಂದು ಆ ಚೀಟಿಯಲ್ಲಿ ಎಣಿಸಿರುವುದು ಬಹುಪಾಲು ಸಹಾಯಕ ಟಿ ಕೋಶಗಳನ್ನು, ಅಂದರೆ ಹೆಲ್ಪರ್ ಟಿ ಸೆಲ್‌ಗಳನ್ನು. ಇವತ್ತು ನಾನು ಮಾತಾಡುವುದು ಅವುಗಳ ಬಗ್ಗೆ.

‘ಸಹಾಯಕ’ ಎಂಬ ಹೆಸರು ಕೇಳಿ ಇವು ಕೈಯಾಳು ಎಂದುಕೊಳ್ಳಬೇಡಿ. ಮದುವೆ ಮನೆಯಲ್ಲಿ ಉಸ್ತುವಾರಿ ನೋಡುವ ಸೋದರಮಾವ ಇರುತ್ತಾರಲ್ಲ, ಅವರು ಒಲೆ ಮುಂದೆ ನಿಲ್ಲುವುದಿಲ್ಲ, ಸೌಟು ಹಿಡಿದು ಬಡಿಸುವುದೂ ಇಲ್ಲ. ಆದರೆ ಅವರು ಒಂದು ಗಂಟೆ ಕಾಣದಿದ್ದರೆ ಎರಡನೇ ಪಂಕ್ತಿ ಕೂರುವುದಿಲ್ಲ. ಸಹಾಯಕ ಟಿ ಕೋಶದ ಕೆಲಸ ಹಾಗಿದೆ. ಪ್ರತಿಕಾಯ, ಅಂದರೆ ಆ್ಯಂಟಿಬಾಡಿ, ತಯಾರಿಸುವ ಬಿ ಕೋಶಕ್ಕೆ ‘ಪ್ರತಿಕಾಯ ಮಾಡು’ ಎನ್ನುತ್ತದೆ, ಕ್ರಿಮಿಯನ್ನು ನುಂಗಿ ಕೂತ ಮ್ಯಾಕ್ರೊಫೇಜ್‌ಗೆ ‘ನುಂಗಿದ್ದನ್ನು ಈಗ ಕೊಲ್ಲು’ ಎನ್ನುತ್ತದೆ. ಈ ಮಾತನ್ನು ಅದು ಆಡುವುದು ಸೈಟೊಕೈನ್ ಎಂಬ ಪುಟ್ಟ ಪ್ರೋಟೀನುಗಳ ಮೂಲಕ.

ಇಲಿಯಲ್ಲೂ ಈ ಕೋಶಗಳಿವೆ, ಅವುಗಳ ಮೈಮೇಲೂ ಸಿಡಿ4 ಇದೆ. ಎಚ್‌ಐವಿ ನಮ್ಮ ಕೋಶದೊಳಗೆ ನುಗ್ಗುವುದು ಈ ಸಿಡಿ4 ಹಿಡಿದೇ, ಆದರೆ ಇಲಿಯ ಸಿಡಿ4 ಅದರ ಹಿಡಿತಕ್ಕೆ ಸಿಗುವುದಿಲ್ಲ. ಹೆಸರೂ ಕೆಲಸವೂ ಒಂದೇ ಆಗಿದ್ದು ವೈರಸ್ಸಿಗೆ ಒಂದು ಬಾಗಿಲು, ಇನ್ನೊಂದು ಗೋಡೆ. ಇಲಿಗೂ ನಮಗೂ ಪೂರ್ವಜರು ಬೇರೆಯಾಗಿ ಏಳೆಂಟು ಕೋಟಿ ವರ್ಷಗಳಾದವು. 2002ರಲ್ಲಿ ಇಲಿಯ ಜೀನೋಮ್ ಓದಿ ಮುಗಿಸಿದಾಗ ಅದರ ನೂರರಲ್ಲಿ 99 ಜೀನುಗಳಿಗೆ ನಮ್ಮಲ್ಲೂ ಬಂಧುಗಳಿವೆ ಎಂದು ಗೊತ್ತಾಯಿತು. ಇಷ್ಟು ಹತ್ತಿರದ ನೆಂಟರಲ್ಲಿ ವ್ಯತ್ಯಾಸ ಬರುವುದು ಎಲ್ಲಿಂದ? ಪಠ್ಯಪುಸ್ತಕ ‘ಪ್ರಭೇದ ಬೇರೆ’ ಎಂದು ಹೇಳಿ ಮುಂದೆ ಹೋಗುತ್ತದೆ. ಇಪ್ಪತ್ತು ವರ್ಷ ಎರಡೂ ಕಡೆಯ ಕೋಶಗಳನ್ನು ನೋಡಿದ ಮೇಲೆ ನನಗೆ ಅನಿಸುವುದು ಬೇರೆ. ಈ ವ್ಯತ್ಯಾಸಗಳಲ್ಲಿ ದೊಡ್ಡ ಪಾಲು, ನಾವು ಇಲಿಯ ಮೈಯಲ್ಲಿ ಎಲ್ಲಿ ನೋಡುತ್ತೇವೆ, ಮನುಷ್ಯನಲ್ಲಿ ಎಲ್ಲಿ ನೋಡುತ್ತೇವೆ, ಇಬ್ಬರೂ ಎಂಥ ಮನೆಯಲ್ಲಿ ಬೆಳೆದವರು ಎಂಬುದರಿಂದ ಬಂದದ್ದು.

ಟಿ ಕೋಶದ ಕಥೆ ಶುರುವಾದದ್ದು ಇಲಿಯಲ್ಲಿ. ಲಂಡನ್ನಿನ ಆಚೆ ಪೊಲಾರ್ಡ್ಸ್ ವುಡ್ ಎಂಬಲ್ಲಿ ಜಾಕ್ ಮಿಲ್ಲರ್ ಎಂಬ ಯುವ ಸಂಶೋಧಕ ಇಲಿಗಳಿಗೆ ರಕ್ತದ ಕ್ಯಾನ್ಸರ್ ತರುವ ವೈರಸ್ಸಿನ ಮೇಲೆ ಕೆಲಸ ಮಾಡುತ್ತಿದ್ದರು. ಇಲಿಗಳನ್ನು ಇಟ್ಟಿದ್ದು ಹಳೆಯ ಕುದುರೆ ಲಾಯದಲ್ಲಿ. ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿ ಯಾವ ಉಪಯೋಗಕ್ಕೂ ಇಲ್ಲದ್ದು ಎಂದು ಎಲ್ಲರೂ ನಂಬಿದ್ದ ಕಾಲ ಅದು. ಹುಟ್ಟಿದ ಕೂಡಲೇ ಮರಿಗಳ ಥೈಮಸ್ ತೆಗೆದರೆ ಅವು ಕೆಲವು ವಾರಗಳಲ್ಲಿ ಸೊರಗಿ ಸಾಯುತ್ತಿದ್ದವು, ರಕ್ತದಲ್ಲಿ ಲಿಂಫೋಸೈಟುಗಳು, ಅಂದರೆ ಟಿ, ಬಿ ಕೋಶಗಳಂಥ ಬಿಳಿ ರಕ್ತಕಣಗಳು ವಿರಳ, ಬೇರೆ ಇಲಿಯ ಚರ್ಮ ಕಸಿ ಮಾಡಿದರೂ ತಿರಸ್ಕರಿಸುತ್ತಿರಲಿಲ್ಲ. 1961ರಲ್ಲಿ ಅವರು ಇದನ್ನು ಪ್ರಕಟಿಸಿದರು. 1968ರಲ್ಲಿ ಮೆಲ್ಬರ್ನಿನಲ್ಲಿ ಗ್ರಹಾಂ ಮಿಚೆಲ್ ಜೊತೆ ಸೇರಿ, ಥೈಮಸ್‌ನಿಂದ ಬಂದ ಕೋಶ ತಾನು ಪ್ರತಿಕಾಯ ಮಾಡುವುದಿಲ್ಲ, ಮೂಳೆಮಜ್ಜೆಯಿಂದ ಬಂದ ಕೋಶ ಅದನ್ನು ಮಾಡಲು ನೆರವಾಗುತ್ತದೆ ಎಂದು ತೋರಿಸಿದರು. ‘ಸಹಾಯಕ’ ಎಂಬ ಮಾತಿನ ಬೇರು ಅಲ್ಲಿದೆ.

ಈ ಕಥೆಗೆ ಒಂದು ಬಾಲ ಉಂಟು, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಮಿಲ್ಲರ್ ಮುಂದೆ ಅಮೆರಿಕಕ್ಕೆ ಹೋಗಿ, ಒಂದೂ ಸೂಕ್ಷ್ಮಜೀವಿ ಇಲ್ಲದ ಗೂಡಿನಲ್ಲಿ ಬೆಳೆದ ಮರಿಗಳ ಥೈಮಸ್ ತೆಗೆದು ನೋಡಿದರು. ಅವು ಸೊರಗಲಿಲ್ಲ. ಕುದುರೆ ಲಾಯದ ಇಲಿ ಸತ್ತಿತು, ಶುದ್ಧ ಗೂಡಿನ ಇಲಿ ಬದುಕಿತು. ಎರಡಕ್ಕೂ ಒಂದೇ ಶಸ್ತ್ರಚಿಕಿತ್ಸೆ, ಬೇರೆಯಾದದ್ದು ಸಾಕಿದ ಜಾಗ ಮಾತ್ರ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಪ್ರಯೋಗಾಲಯದ ಮೇಜಿನ ಹತ್ತಿರ ಬನ್ನಿ.

ಇಲಿಯ ಸಹಾಯಕ ಟಿ ಕೋಶ ಬೇಕೆಂದರೆ ನಾವು ಅದರ ಗುಲ್ಮ, ಅಂದರೆ ಸ್ಪ್ಲೀನ್ ತೆಗೆಯುತ್ತೇವೆ. ಬ್ಯಾಡಗಿ ಮೆಣಸಿನಕಾಯಿಯ ಚಿಕ್ಕ ತುಂಡೊಂದನ್ನು ನೀರಲ್ಲಿ ನೆನೆಸಿಟ್ಟಂತೆ ಕಾಣುತ್ತದೆ, ಕಡುಗೆಂಪು, ಚಪ್ಪಟೆ, ಒಂದೂವರೆ ಸೆಂಟಿಮೀಟರ್ ಉದ್ದ. ಅದನ್ನು ನೈಲಾನ್ ಜರಡಿಯ ಮೇಲಿಟ್ಟು ಸಿರಿಂಜಿನ ದಬ್ಬುಕಡ್ಡಿಯ ರಬ್ಬರ್ ತುದಿಯಿಂದ ಮೆಲ್ಲಗೆ ಉಜ್ಜಬೇಕು. ತಣ್ಣನೆಯ ದ್ರಾವಣ ಸುರಿಯುತ್ತಾ ಹೋದರೆ ಕೆಳಗಿನ ಕೊಳವೆಗೆ ಕೆಂಪು ನೀರು ಇಳಿಯುತ್ತದೆ, ಜರಡಿಯ ಮೇಲೆ ಬಿಳಿಯ ನಾರು ಉಳಿಯುತ್ತದೆ. ಆ ಕೆಂಪು ನೀರಿನಲ್ಲಿ ಸುಮಾರು 10 ಕೋಟಿ ಕೋಶಗಳು, ಅದರಲ್ಲಿ ಐದರಲ್ಲೊಂದು ಪಾಲು ಸಿಡಿ4 ಟಿ ಕೋಶ.

ಮನುಷ್ಯನ ಕೋಶ ಬೇಕೆಂದರೆ ಯಾರ ಗುಲ್ಮವನ್ನೂ ಕೇಳುವಂತಿಲ್ಲ. ಒಬ್ಬ ವಿದ್ಯಾರ್ಥಿಯ ತೋಳಿನಿಂದ 10 ಮಿಲಿಲೀಟರ್ ರಕ್ತ ತೆಗೆದು, ಫೈಕಾಲ್ ಎಂಬ ದ್ರಾವಣದ ಮೇಲೆ ಕೊಳವೆಯ ಗೋಡೆಗುಂಟ ಒಂದಿಷ್ಟೂ ಕದಡದಂತೆ ಇಳಿಬಿಡಬೇಕು. ಯಂತ್ರದಲ್ಲಿ ತಿರುಗಿಸಿದ ಮೇಲೆ ಕೆಂಪು ಕಣಗಳು ತಳಕ್ಕೆ ಹೋಗಿ, ಮೇಲೆ ಹಳದಿ ದ್ರವ ನಿಂತು, ನಡುವೆ ಮೋಡದೆಳೆಯಂಥ ಬಿಳಿಯ ಉಂಗುರ ಕಾಣುತ್ತದೆ. ಕೈ ನಡುಗಿದರೆ ಆ ಉಂಗುರ ಹೋಯಿತು. ನಮ್ಮ ಲಿಂಫೋಸೈಟುಗಳು ಇರುವುದು ಅದರಲ್ಲೇ, ಒಂದೆರಡು ಕೋಟಿ ಸಿಕ್ಕರೆ ಆ ದಿನ ಅದೃಷ್ಟದ ದಿನ.

ಈಗ ಯೋಚಿಸಿ. ನಮ್ಮ ದೇಹದ ಎಲ್ಲ ಲಿಂಫೋಸೈಟುಗಳಲ್ಲಿ ರಕ್ತದಲ್ಲಿ ಓಡಾಡುತ್ತಿರುವುದು ನೂರಕ್ಕೆ ಎರಡರಷ್ಟು. ಉಳಿದವು ಗುಲ್ಮದಲ್ಲಿ, ಕರುಳಿನಲ್ಲಿ, ಶ್ವಾಸಕೋಶದಲ್ಲಿ, ಗಂಟಲು ನೋವು ಬಂದಾಗ ದವಡೆಯ ಕೆಳಗೆ ಕೈಗೆ ಸಿಗುವ ದುಗ್ಧಗ್ರಂಥಿಯಲ್ಲಿ. ಇಲಿಯನ್ನು ಅದರ ಮನೆಯಲ್ಲಿ ಭೇಟಿಯಾಗಿ, ಮನುಷ್ಯನನ್ನು ಬಸ್ ನಿಲ್ದಾಣದಲ್ಲಿ ನೋಡಿ, ಇಬ್ಬರ ಸ್ವಭಾವ ಹೋಲಿಸಿದಂತೆ ನಾವು ದಶಕಗಳ ಕಾಲ ಮಾಡಿದ್ದೇವೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡೋನಾ ಫಾರ್ಬರ್ ಮತ್ತು ಅವರ ಜೊತೆಗಾರರು ಅಂಗದಾನ ಮಾಡಿದವರ ಗುಲ್ಮ, ಕರುಳು, ಶ್ವಾಸಕೋಶಗಳಿಂದ ಟಿ ಕೋಶ ತೆಗೆದು ನೋಡತೊಡಗಿದ ಮೇಲೆ ಈ ಕೊರತೆ ಸ್ವಲ್ಪ ತುಂಬಿತು. ಅಂಗಾಂಶದಲ್ಲೇ ನೆಲೆ ನಿಂತ, ರಕ್ತಕ್ಕೆ ಬಾರದೇ ಇರುವ ನೆನಪಿನ ಕೋಶಗಳು, ಅಂದರೆ ಹಿಂದೆ ಕಂಡ ಕ್ರಿಮಿಯನ್ನು ನೆನಪಿಟ್ಟುಕೊಳ್ಳುವ ಟಿ ಕೋಶಗಳು, ಮನುಷ್ಯನಲ್ಲೂ ಅಪಾರವಾಗಿವೆ ಎಂದು ಅವರು ತೋರಿಸಿದರು.

ರಕ್ತವನ್ನು ರಕ್ತಕ್ಕೇ ಹೋಲಿಸಿದರೂ ಎರಡು ಒಂದೇ ಅಲ್ಲ. ನಮ್ಮ ಬಿಳಿ ರಕ್ತಕಣಗಳಲ್ಲಿ ಶೇ 50ರಿಂದ 70 ನ್ಯೂಟ್ರೋಫಿಲ್. ಇಲಿಯಲ್ಲಿ ಅದು ಶೇ 10ರಿಂದ 25 ಮಾತ್ರ, ಉಳಿದದ್ದು ಬಹುತೇಕ ಲಿಂಫೋಸೈಟ್. ನಮ್ಮಲ್ಲಿ ಕೆರಳಿದ ಟಿ ಕೋಶ ಎಚ್‌ಎಲ್‌ಎ-ಡಿಆರ್ ಎಂಬ ಅಣುವನ್ನು ಮೈಮೇಲೆ ತೋರಿಸುತ್ತದೆ, ಲ್ಯಾಬುಗಳಲ್ಲಿ ಅದನ್ನೇ ಗುರುತಾಗಿ ಹಿಡಿಯುತ್ತೇವೆ. ಇಲಿಯ ಟಿ ಕೋಶ ಎಷ್ಟು ಕೆರಳಿದರೂ ಆ ಬಗೆಯ ಅಣುವನ್ನು ತಯಾರಿಸುವುದಿಲ್ಲ. ಇವು ನಿಜವಾಗಿಯೂ ಪ್ರಭೇದದ ವ್ಯತ್ಯಾಸಗಳು, ಇದರಲ್ಲಿ ನನ್ನ ತಕರಾರಿಲ್ಲ.

1986ಕ್ಕೆ ಬರೋಣ. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಟಿಮ್ ಮಾಸ್‌ಮನ್ ಮತ್ತು ರಾಬರ್ಟ್ ಕಾಫ್‌ಮನ್ ಇಲಿಯ ಸಹಾಯಕ ಟಿ ಕೋಶಗಳನ್ನು ಒಂದೊಂದಾಗಿ ಬೇರ್ಪಡಿಸಿ ಬೆಳೆಸಿ, ಪ್ರತಿಯೊಂದು ಯಾವ ಸೈಟೊಕೈನ್ ಸುರಿಸುತ್ತದೆ ಎಂದು ಅಳೆದರು. ಎರಡು ಗುಂಪು ಕಂಡವು. ಮೊದಲನೆಯದು ಇಂಟರ್‌ಫೆರಾನ್ ಗಾಮಾ ಸುರಿಸುವ ಟಿಎಚ್1, ಕೋಶದೊಳಗೆ ಅಡಗಿದ ಕ್ರಿಮಿಗಳ ವಿರುದ್ಧ. ಎರಡನೆಯದು ಇಂಟರ್‌ಲ್ಯೂಕಿನ್-4 ಸುರಿಸುವ ಟಿಎಚ್2, ಜಂತುಹುಳುವಿನ ವಿರುದ್ಧ, ದಾರಿ ತಪ್ಪಿದರೆ ಅಸ್ತಮಾ ಮತ್ತು ಅಲರ್ಜಿ. ಕೇಳಿದರೆ ಎಷ್ಟು ಚೊಕ್ಕ! ಆಗ ಮನುಷ್ಯನ ಕೋಶ ನೋಡಿದವರಿಗೆ ಆ ಚೊಕ್ಕತನ ಸಿಗಲಿಲ್ಲ. ಒಂದೇ ಕೋಶ ಎರಡನ್ನೂ ಸುರಿಸುತ್ತಿತ್ತು. ಈ ವಿಂಗಡಣೆ ಇಲಿಗೆ ಮಾತ್ರವೇ ಎಂದು ಹಲವರು ಕೇಳಿದರು.

ಉತ್ತರ ಬಂದದ್ದು 1991ರಲ್ಲಿ, ಇಟಲಿಯ ಫ್ಲಾರೆನ್ಸ್‌ನಿಂದ. ಸೆರ್ಜಿಯೊ ರೊಮಾನ್ಯಾನಿ ಅವರ ತಂಡ ಮಾಡಿದ್ದು ಸರಳ ಕೆಲಸ. ಕೋಶಗಳನ್ನು ಕಣ್ಣುಮುಚ್ಚಿ ಕೆರಳಿಸುವ ಬದಲು, ಕ್ಷಯದ ಕ್ರಿಮಿಯ ಪ್ರೋಟೀನ್ ಕೊಟ್ಟು ಒಂದು ಗುಂಪು ಬೆಳೆಸಿದರು, ನಾಯಿಗಳಲ್ಲಿರುವ ಟಾಕ್ಸೊಕಾರಾ ಎಂಬ ಹುಳುವಿನ ಸ್ರಾವ ಕೊಟ್ಟು ಇನ್ನೊಂದು ಗುಂಪು ಬೆಳೆಸಿದರು. ಮೊದಲನೆಯದರಲ್ಲಿ ಟಿಎಚ್1 ಸ್ವಭಾವ, ಎರಡನೆಯದರಲ್ಲಿ ಟಿಎಚ್2 ಸ್ವಭಾವ ಎದ್ದು ಕಂಡಿತು. ಅದೇ ವರ್ಷ ಬೇರೆ ಸಂಶೋಧಕರು ಕುಷ್ಠರೋಗಿಗಳ ಚರ್ಮದಲ್ಲೂ ಇದನ್ನು ಕಂಡರು. ಕೆಲವೇ ಮಚ್ಚೆಗಳಿದ್ದು ಕ್ರಿಮಿ ವಿರಳವಾಗಿರುವವರಲ್ಲಿ ಇಂಟರ್‌ಫೆರಾನ್ ಗಾಮಾ, ಮೈಯೆಲ್ಲ ಹರಡಿ ಕ್ರಿಮಿ ತುಂಬಿದವರಲ್ಲಿ ಇಂಟರ್‌ಲ್ಯೂಕಿನ್-4. ಒಂದೇ ಕ್ರಿಮಿಗೆ ಇಬ್ಬರು ಮನುಷ್ಯರ ಮೈ ಎರಡು ರೀತಿ ಉತ್ತರ ಕೊಟ್ಟಿತ್ತು.

ಹಾಗಂತ ನಕಲು ತದ್ರೂಪವಲ್ಲ. ಇಂಟರ್‌ಲ್ಯೂಕಿನ್-10 ಇಲಿಯಲ್ಲಿ ಟಿಎಚ್2 ಕೋಶದ ಸರಕಾಗಿ ಪತ್ತೆಯಾಯಿತು. ನಮ್ಮಲ್ಲಿ ಟಿಎಚ್1 ಕೋಶವೂ ಅದನ್ನು ಧಾರಾಳವಾಗಿ ಸುರಿಸುತ್ತದೆ.

ಇನ್ನು ನನಗೆ ತುಂಬ ಇಷ್ಟವಾದ ಪ್ರಕರಣ. ಮೂರನೆಯ ಗುಂಪು, ಟಿಎಚ್17, ಇಲಿಯಲ್ಲಿ ಸ್ಪಷ್ಟವಾದದ್ದು 2005ರಲ್ಲಿ. ಚರ್ಮ ಮತ್ತು ಕರುಳಿನ ಗಡಿ ಕಾಯುವ, ಶಿಲೀಂಧ್ರಗಳನ್ನು ತಡೆಯುವ, ಮಿತಿ ಮೀರಿದರೆ ಸೋರಿಯಾಸಿಸ್‌ನಂಥ ಕಾಯಿಲೆಗೆ ಕಾರಣವಾಗುವ ಕೋಶ ಅದು. 2006ರಲ್ಲಿ ಮೂರು ತಂಡಗಳು ಅದನ್ನು ಬೆಳೆಸುವ ಪಾಕ ಹೇಳಿದವು: ಇನ್ನೂ ಯಾವ ಕ್ರಿಮಿಯನ್ನೂ ಕಾಣದ ಹೊಸ ಟಿ ಕೋಶಕ್ಕೆ ಟಿಜಿಎಫ್-ಬೀಟಾ ಎಂಬ ಸೈಟೊಕೈನ್ ಮತ್ತು ಇಂಟರ್‌ಲ್ಯೂಕಿನ್-6 ಎರಡೂ ಕೊಡಿ. ಮನುಷ್ಯನ ಕೋಶಕ್ಕೆ ಅದೇ ಪಾಕ ಮಾಡಿದಾಗ ಕೆಲಸ ಆಗಲಿಲ್ಲ. 2007ರಲ್ಲಿ ಬಂದ ಪ್ರಬಂಧಗಳು, ಮನುಷ್ಯನಲ್ಲಿ ಟಿಜಿಎಫ್-ಬೀಟಾ ಬೇಕೇ ಇಲ್ಲ, ಹಾಕಿದರೆ ಅಡ್ಡಿ, ಬದಲಿಗೆ ಇಂಟರ್‌ಲ್ಯೂಕಿನ್-1 ಬೀಟಾ, 6, 23 ಬೇಕು ಎಂದವು. ಇಲಿ ಮತ್ತು ಮನುಷ್ಯ ಇಲ್ಲಿ ಎದುರುಬದುರು ಎಂದು ಎಲ್ಲರೂ ಬರೆದುಕೊಂಡೆವು. ನಾನೂ ನನ್ನ ತರಗತಿಯಲ್ಲಿ ಹಾಗೇ ಪಾಠ ಮಾಡಿದ್ದೆ.

ಮರುವರ್ಷ ಗೊತ್ತಾದದ್ದು ಅಡುಗೆಮನೆಯ ವಿಷಯ. ಕೋಶಗಳನ್ನು ಬೆಳೆಸುವ ದ್ರಾವಣಕ್ಕೆ ನಾವು ಸೀರಮ್ ಸೇರಿಸುತ್ತೇವೆ. ಸೀರಮ್ ಎಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಮೇಲೆ ನಿಲ್ಲುವ ತಿಳಿ. ರಕ್ತ ಹೆಪ್ಪುಗಟ್ಟುವಾಗ ಕಿರುಬಿಲ್ಲೆಗಳು, ಅಂದರೆ ಪ್ಲೇಟ್‌ಲೆಟ್‌ಗಳು, ಟಿಜಿಎಫ್-ಬೀಟಾವನ್ನು ಸುರಿಸುತ್ತವೆ, ಅದು ಸೀರಮ್‌ನಲ್ಲೇ ಉಳಿಯುತ್ತದೆ. ‘ಉಪ್ಪು ಹಾಕಿಲ್ಲ’ ಎನ್ನುತ್ತಾ ನಾವು ಉಪ್ಪುನೀರಿನಲ್ಲೇ ಬೇಯಿಸುತ್ತಿದ್ದೆವು, ಮೇಲೆ ಇನ್ನಷ್ಟು ಹಾಕಿದಾಗ ಕೆಟ್ಟಿತು. 2008ರಲ್ಲಿ ನ್ಯೂಯಾರ್ಕಿನ ಡಾನ್ ಲಿಟ್‌ಮನ್ ಅವರ ಪ್ರಯೋಗಾಲಯದವರು ಸೀರಮ್ ಬಿಟ್ಟು, ಹೊಕ್ಕುಳಬಳ್ಳಿಯ ರಕ್ತದ ಕೋಶ ತೆಗೆದುಕೊಂಡು ಮಾಡಿದಾಗ ಮನುಷ್ಯನ ಟಿಎಚ್17ಗೂ ಟಿಜಿಎಫ್-ಬೀಟಾ ಬೇಕು, ಆದರೆ ತುಸುವೇ ಸಾಕು ಎಂದು ಸ್ಪಷ್ಟವಾಯಿತು. ಹೊಕ್ಕುಳಬಳ್ಳಿಯ ರಕ್ತವೇ ಯಾಕೆ? ದೊಡ್ಡವರ ರಕ್ತದಲ್ಲಿ ‘ಹೊಸ ಕೋಶ’ ಎಂದು ಆರಿಸಿಕೊಂಡ ಗುಂಪಿನೊಳಗೆ ಜಗತ್ತು ಕಂಡ ಕೋಶಗಳೂ ನುಸುಳಿರುತ್ತವೆ. ಪ್ರಯೋಗಾಲಯದ ಎಳೆಯ ಇಲಿಯಲ್ಲಿ ಆ ಭಯ ಕಡಿಮೆ. ವ್ಯತ್ಯಾಸ ಪೂರ್ತಿ ಮಾಯವಾಗಲಿಲ್ಲ, ಇಂಟರ್‌ಲ್ಯೂಕಿನ್-1 ಬೀಟಾದ ತೂಕ ನಮ್ಮಲ್ಲಿ ಹೆಚ್ಚೇ ಕಾಣುತ್ತದೆ. ಆದರೆ ‘ಎದುರುಬದುರು’ ಎಂದದ್ದು ಸುಳ್ಳಾಯಿತು. ಪಾಠ ತಿದ್ದಿಕೊಂಡೆ.

ಕೊಳವೆಯೊಳಗಿನ ತಪ್ಪನ್ನು ಹೀಗೆ ತಿದ್ದಿಕೊಳ್ಳಬಹುದು. 2006ರ ಮಾರ್ಚ್ 13ರಂದು ಲಂಡನ್ನಿನಲ್ಲಿ ನಡೆದದ್ದು ಹಾಗಲ್ಲ. ಅದನ್ನು ಹೇಳುವಾಗ ಇವತ್ತಿಗೂ ನನ್ನ ಎದೆ ಭಾರವಾಗುತ್ತದೆ.

ಟಿಜಿಎನ್1412 ಎಂಬ ಪ್ರತಿಕಾಯ ಔಷಧಿ. ಟಿ ಕೋಶದ ಮೇಲಿನ ಸಿಡಿ28 ಎಂಬ ಗುಂಡಿಯನ್ನು ಅದು ನೇರವಾಗಿ ಒತ್ತುತ್ತಿತ್ತು. ಇಲಿ, ಹೆಗ್ಗಣಗಳ ಜಾತಿಯ ಪ್ರಯೋಗ ಪ್ರಾಣಿಗಳಲ್ಲಿ ಅದೇ ಬಗೆಯ ಪ್ರತಿಕಾಯ ಕೊಟ್ಟಾಗ ಉರಿಯೂತವನ್ನು ತಣಿಸುವ ನಿಯಂತ್ರಕ ಟಿ ಕೋಶಗಳು ಹೆಚ್ಚಾದವು. ಸಂಧಿವಾತಕ್ಕೆ ಮದ್ದಾದೀತು ಎಂಬ ಆಸೆ ಹುಟ್ಟಿತು. ಕೋತಿಗಳೂ ಅದನ್ನು ತಡೆದುಕೊಂಡವು. ಕೋತಿಗೆ ಸುರಕ್ಷಿತ ಎಂದು ಕಂಡ ಪ್ರಮಾಣದ 500ರಲ್ಲಿ ಒಂದು ಭಾಗವನ್ನು ಆರು ಮಂದಿ ಆರೋಗ್ಯವಂತ ಯುವಕರಿಗೆ ಕೊಟ್ಟರು, ಇನ್ನಿಬ್ಬರಿಗೆ ಬರಿಯ ಹುಸಿಮದ್ದು. ಒಂದೂವರೆ ಗಂಟೆಯೊಳಗೆ ಆರೂ ಮಂದಿಗೆ ತಲೆನೋವು, ಬೆನ್ನುನೋವು, ವಾಂತಿ, ಜ್ವರ. ರಾತ್ರಿ ಕಳೆಯುವಷ್ಟರಲ್ಲಿ ಅಂಗಾಂಗಗಳು ಕೈಕೊಡತೊಡಗಿ ಆರು ಮಂದಿಯೂ ತೀವ್ರ ನಿಗಾ ಘಟಕ ಸೇರಿದರು. ಎಲ್ಲರೂ ಬದುಕಿದರು, ಆದರೆ ಒಬ್ಬರು ಕಾಲ್ಬೆರಳುಗಳನ್ನೂ ಕೈಬೆರಳಿನ ತುದಿಗಳನ್ನೂ ಕಳೆದುಕೊಂಡರು.

ಯಾಕೆ ಹೀಗಾಯಿತು? ಕಾರಣಗಳು ಒಂದೊಂದಾಗಿ ಹೊರಬಂದದ್ದು ಮುಂದಿನ ಹಲವು ವರ್ಷಗಳಲ್ಲಿ. ಸೈಟೊಕೈನ್‌ನ ಆ ಪ್ರವಾಹ ಬಂದದ್ದು ಬಹುಮಟ್ಟಿಗೆ ಸಿಡಿ4 ನೆನಪಿನ ಕೋಶಗಳಿಂದ. ಮನುಷ್ಯನ ಆ ಕೋಶಗಳ ಮೇಲೆ ಸಿಡಿ28 ಉಳಿದಿರುತ್ತದೆ, ಪ್ರಯೋಗಕ್ಕೆ ಬಳಸಿದ ಕೋತಿಗಳಲ್ಲಿ ಅದು ಉದುರಿಹೋಗಿರುತ್ತದೆ. ಗುಂಡಿಯೇ ಇಲ್ಲದ ಮೇಲೆ ಒತ್ತುವುದೇನು? ಇನ್ನು ಪ್ರಯೋಗಾಲಯದ ಇಲಿಗೆ ಅಂಥ ನೆನಪಿನ ಕೋಶಗಳೇ ಅತ್ಯಲ್ಪ, ಯಾಕೆಂದರೆ ಅದು ನೆನಪಿಡುವಂಥ ಸೋಂಕನ್ನೇ ಕಂಡಿಲ್ಲ. ಹಾಗಾದರೆ ಮನುಷ್ಯನ ರಕ್ತವನ್ನೇ ಕೊಳವೆಯಲ್ಲಿ ಪರೀಕ್ಷಿಸಿದ್ದರೆ ಗೊತ್ತಾಗುತ್ತಿರಲಿಲ್ಲವೇ? ಪರೀಕ್ಷಿಸಿದ್ದರು, ಕೋಶಗಳು ಸುಮ್ಮನಿದ್ದವು. ಜರ್ಮನಿಯ ವುರ್ಟ್ಸ್‌ಬುರ್ಗಿನಲ್ಲಿ ಥಾಮಸ್ ಹ್ಯೂನಿಗ್ ಅವರ ತಂಡ 2011ರಲ್ಲಿ ಅದರ ಗುಟ್ಟು ಬಿಡಿಸಿತು. ರಕ್ತದಿಂದ ತೆಗೆದ ಕೋಶಗಳನ್ನು ಒಂದಕ್ಕೊಂದು ಒತ್ತಿ ಕೂರುವಷ್ಟು ದಟ್ಟವಾಗಿ ಎರಡು ದಿನ ಇಟ್ಟು, ಆಮೇಲೆ ಔಷಧಿ ಕೊಟ್ಟರೆ ಅವು ಸಿಡಿದವು. ದುಗ್ಧಗ್ರಂಥಿಯಲ್ಲಿ ಕೋಶಗಳು ಇರುವುದೇ ಹಾಗೆ, ಮೈಗೆ ಮೈ ತಾಗಿ. ರಕ್ತದಲ್ಲಿ ಒಂಟಿಯಾಗಿ ತೇಲುವಾಗ ಆ ಚುರುಕು ಇಳಿಯುತ್ತದೆ. ನೋಡಿ, ಮತ್ತೆ ಬಸ್ ನಿಲ್ದಾಣದ ಮಾತೇ ಬಂತು.

ಈಗ ಸಾಕಿದ ಮನೆಯ ವಿಷಯ. ಪ್ರಪಂಚದ ಬಹುಪಾಲು ಪ್ರಯೋಗಾಲಯಗಳಲ್ಲಿರುವ ಕಪ್ಪಿಲಿ, ಸಿ57 ಬ್ಲ್ಯಾಕ್ 6, ಹುಟ್ಟಿದ್ದು 1921ರಲ್ಲಿ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಇಲಿ ಸಾಕಿ ಮಾರುತ್ತಿದ್ದ ಆ್ಯಬಿ ಲ್ಯಾತ್ರಾಪ್ ಎಂಬ ಮಹಿಳೆಯ ಇಲಿಗಳಿಂದ ಕ್ಲಾರೆನ್ಸ್ ಲಿಟಲ್ ಅದನ್ನು ಬೆಳೆಸಿದರು. 57 ಎಂಬುದು ಮೂಲ ಹೆಣ್ಣಿಲಿಯ ಸಂಖ್ಯೆ. ಇಪ್ಪತ್ತಕ್ಕೂ ಹೆಚ್ಚು ತಲೆಮಾರು ಒಡಹುಟ್ಟುಗಳನ್ನೇ ಕೂಡಿಸಿದ್ದರಿಂದ ಎಲ್ಲವೂ ಒಂದೇ ಅಚ್ಚಿನವು. ಅಂದರೆ ‘ಇಲಿಯಲ್ಲಿ ಹೀಗೆ’ ಎನ್ನುವಾಗ ಎಷ್ಟೋ ಸಲ ನಾವು ಹೇಳುತ್ತಿರುವುದು ಒಂದೇ ಇಲಿಯ ಬಗ್ಗೆ. ತಳಿ ಬದಲಾದರೆ ಉತ್ತರವೂ ಬದಲಾಗುತ್ತದೆ. ಲೀಷ್ಮೇನಿಯಾ ಪರಾವಲಂಬಿಯನ್ನು ಚುಚ್ಚಿದರೆ ಕಪ್ಪಿಲಿ ಟಿಎಚ್1 ದಾರಿ ಹಿಡಿದು ಗುಣವಾಗುತ್ತದೆ, ಬಾಲ್ಬ್‌ಸಿ ಎಂಬ ಬಿಳಿ ಇಲಿ ಟಿಎಚ್2 ದಾರಿ ಹಿಡಿದು ಸಾಯುತ್ತದೆ.

ಅವುಗಳ ಬದುಕು ಶೋಧಿಸಿದ ಗಾಳಿ, ಕಾಯಿಸಿ ಶುದ್ಧ ಮಾಡಿದ ಆಹಾರ. 2016ರಲ್ಲಿ ಮಿನ್ನೆಸೋಟಾದ ಡೇವಿಡ್ ಮಸೊಪಸ್ಟ್ ಮತ್ತು ಸಂಗಡಿಗರು ಸಾಕುಪ್ರಾಣಿ ಅಂಗಡಿಯಿಂದ ಇಲಿ ತಂದು ಇವುಗಳ ಗೂಡಿಗೆ ಬಿಟ್ಟರು. ಹೊಸಬರು ತಂದ ಸೋಂಕಿಗೆ ಪ್ರಯೋಗಾಲಯದ ಇಲಿಗಳಲ್ಲಿ ಸುಮಾರು ಐದರಲ್ಲೊಂದು ಸತ್ತವು. ಉಳಿದವುಗಳ ಕೋಶಗಳನ್ನು ನೋಡಿದಾಗ ಚಿತ್ರವೇ ಬೇರೆ. ಶುದ್ಧ ಗೂಡಿನ ಇಲಿಯ ಟಿ ಕೋಶಗಳು ನಮ್ಮ ನವಜಾತ ಶಿಶುವಿನ ಕೋಶಗಳನ್ನು ಹೋಲುತ್ತಿದ್ದವು, ಅಂಗಡಿ ಇಲಿಯ ಜೊತೆ ಬಾಳಿದವುಗಳ ಕೋಶಗಳು ವಯಸ್ಕ ಮನುಷ್ಯರದ್ದನ್ನು ಹೋಲಿದವು. ಇಷ್ಟು ವರ್ಷ ನಾವು ಹೋಲಿಸಿದ್ದು ಮಗುವಿನಂಥ ಇಲಿಯನ್ನು ಮತ್ತು ಊರೆಲ್ಲ ಸುತ್ತಿದ ಮನುಷ್ಯನನ್ನು.

2019ರಲ್ಲಿ ಸ್ಟೀಫನ್ ರೊಸ್ಹಾರ್ಟ್ ಮತ್ತು ಬಾರ್ಬರಾ ರೆಹರ್‌ಮನ್ ಇನ್ನೂ ಮುಂದೆ ಹೋದರು. ಕಪ್ಪಿಲಿಯ ಭ್ರೂಣವನ್ನು ಹೊರಗೆ ಹಿಡಿದ ಕಾಡಿಲಿಯ ಗರ್ಭದಲ್ಲಿ ಇಟ್ಟರು. ಹುಟ್ಟಿದ ಮರಿಗೆ ಜೀನು ಪ್ರಯೋಗಾಲಯದ್ದು, ಕರುಳಿನ ಮತ್ತು ಚರ್ಮದ ಸೂಕ್ಷ್ಮಜೀವಿಗಳೆಲ್ಲ ಕಾಡಿಲಿ ತಾಯಿಯವು. ಆ ಇಲಿಗಳಿಗೆ ಲಂಡನ್ನಿನ ಔಷಧಿಯ ಬಗೆಯದೇ ಪ್ರತಿಕಾಯ ಕೊಟ್ಟರು. ಸಾಮಾನ್ಯ ಕಪ್ಪಿಲಿಯಲ್ಲಿ ನಿಯಂತ್ರಕ ಕೋಶಗಳು ಮೊದಲಿನಂತೆಯೇ ಹೆಚ್ಚಾದವು. ಕಾಡಿಲಿಯ ಮಡಿಲಲ್ಲಿ ಬೆಳೆದವುಗಳಲ್ಲಿ ಅವು ಹೆಚ್ಚಲಿಲ್ಲ, ಉರಿಯೂತದ ಸೈಟೊಕೈನ್‌ಗಳು ಏರಿದವು. ಮೊದಲ ಸಲ ಈ ಪ್ರಬಂಧ ಓದಿದಾಗ ನಾನು ಆ ಚಿತ್ರದ ಮುಂದೆ ಬಹಳ ಹೊತ್ತು ಕೂತಿದ್ದೆ. ಜೀನು ಅದೇ. ಆ ಆರು ಯುವಕರು ನೆನಪಾದರು.

ಸಾಕಿದ ಮನೆ ಬದಲಿಸಿದರೂ ಹೋಗದ ವ್ಯತ್ಯಾಸಗಳೂ ಇವೆ ಎಂದು ಒಪ್ಪಬೇಕು. ಅದರಲ್ಲಿ ದೊಡ್ಡದು ಆಯುಸ್ಸು. ಇಲಿ ಬದುಕುವುದು ಎರಡು ವರ್ಷ. ಅದರ ಹೊಸ ಟಿ ಕೋಶ ಬಾಳುವುದು ಕೆಲವು ವಾರ, ಥೈಮಸ್ ಕೊನೆಯವರೆಗೂ ಹೊಸತನ್ನು ತಯಾರಿಸಿ ಕಳಿಸುತ್ತಲೇ ಇರುತ್ತದೆ. ನಮ್ಮಲ್ಲಿ ಅಂಥ ಕೋಶ ವರ್ಷಗಟ್ಟಲೆ ಬಾಳುತ್ತದೆ. ದೊಡ್ಡವರಾದ ಮೇಲೆ ಥೈಮಸ್ ಕೊಬ್ಬಿಗೆ ತಿರುಗಿ, ಹೊಸ ಕೋಶಗಳು ಬಹುಪಾಲು ಹುಟ್ಟುವುದು ಇದ್ದ ಕೋಶಗಳೇ ಎರಡಾಗಿ ಒಡೆಯುವುದರಿಂದ. 2012ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಇದನ್ನು ಅಳೆದು ತೋರಿಸಿದರು. ವಯಸ್ಸಾದವರಿಗೆ ಲಸಿಕೆ ಯಾಕೆ ಸರಿಯಾಗಿ ಹತ್ತುವುದಿಲ್ಲ ಎಂಬ ಪ್ರಶ್ನೆಗೆ ಇಲಿಯೊಂದರಿಂದಲೇ ಉತ್ತರ ಹುಡುಕುವುದು ನನಗೆ ಕಷ್ಟ ಎನಿಸುವುದು ಈ ಕಾರಣಕ್ಕೆ.

ಇಷ್ಟೆಲ್ಲ ಕೇಳಿ ಇಲಿಯನ್ನು ಬಿಟ್ಟುಬಿಡಿ ಎನ್ನುವವರಿಗೆ ಒಂದು ಮಾತು. ಅಮೆರಿಕದ ಓಕ್ ರಿಜ್‌ನಲ್ಲಿ 1940ರ ದಶಕದಲ್ಲಿ ಚರ್ಮ ಸಿಪ್ಪೆಯೇಳುವ, ಗುಲ್ಮ ಊದಿಕೊಂಡ ಗಂಡು ಮರಿಗಳು ತಾವಾಗಿ ಹುಟ್ಟಿದವು, ಕೆಲವೇ ವಾರ ಬದುಕಿದವು. ಅವುಗಳಿಗೆ ಸ್ಕರ್ಫಿ ಎಂದು ಹೆಸರಿಟ್ಟರು. 2001ರಲ್ಲಿ ಮೇರಿ ಬ್ರಂಕೊ ಮತ್ತು ಫ್ರೆಡ್ ರಾಮ್ಸ್‌ಡೆಲ್ ಆ ಕೆಟ್ಟ ಜೀನನ್ನು ಹುಡುಕಿದರು, ಅದೇ ಫಾಕ್ಸ್‌ಪಿ3. ಐಪೆಕ್ಸ್ ಎಂಬ ಕಾಯಿಲೆಯಿರುವ ಗಂಡುಮಕ್ಕಳಲ್ಲಿ, ಹುಟ್ಟಿದ ಕೆಲವೇ ತಿಂಗಳಲ್ಲಿ ಸಕ್ಕರೆ ಕಾಯಿಲೆ, ನಿಲ್ಲದ ಭೇದಿ, ಚರ್ಮದ ಉರಿ ಬರುವ ಆ ಮಕ್ಕಳಲ್ಲಿ, ಕೆಟ್ಟಿದ್ದೂ ಅದೇ ಜೀನು. ಸಿಡಿ4 ಕೋಶಗಳಲ್ಲೇ ಒಂದು ಬಗೆ, ನೆರವಾಗುವ ಬದಲು ತಡೆಯುವ ನಿಯಂತ್ರಕ ಟಿ ಕೋಶ, ಈ ಜೀನಿನ ಮೇಲೆ ನಿಂತಿದೆ. ಆ ಕೋಶವನ್ನು 1995ರಲ್ಲಿ ಇಲಿಯಲ್ಲಿ ಗುರುತಿಸಿದ ಶಿಮೊನ್ ಸಕಾಗುಚಿ ಅವರ ಜೊತೆ ಬ್ರಂಕೊ, ರಾಮ್ಸ್‌ಡೆಲ್ 2025ರ ನೊಬೆಲ್ ಹಂಚಿಕೊಂಡರು. ಇಲ್ಲೂ ಒಂದು ತೊಡಕಿದೆ: ಇಲಿಯಲ್ಲಿ ಫಾಕ್ಸ್‌ಪಿ3 ಕಂಡರೆ ಅದು ನಿಯಂತ್ರಕ ಕೋಶ ಎಂದು ಬಹುತೇಕ ನಂಬಬಹುದು, ನಮ್ಮಲ್ಲಿ ಸಾಮಾನ್ಯ ಸಹಾಯಕ ಕೋಶವೂ ಕೆರಳಿದಾಗ ಸ್ವಲ್ಪ ಹೊತ್ತು ಅದನ್ನು ತೋರಿಸುತ್ತದೆ. ಆದರೆ ಆ ಇಲಿ ಇಲ್ಲದಿದ್ದರೆ ಆ ಮಕ್ಕಳ ಕಾಯಿಲೆಗೆ ಕಾರಣ ಸಿಗುವುದು ಎಷ್ಟು ತಡವಾಗುತ್ತಿತ್ತೋ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತರು. ‘ಸರ್, ನಾವು ಹಳ್ಳಿಯಲ್ಲಿ ಬರಿಗಾಲಲ್ಲಿ, ಕೆರೆ ನೀರು ಕುಡಿದು ಬೆಳೆದವರು. ಮೊಮ್ಮಕ್ಕಳು ಅಪಾರ್ಟ್‌ಮೆಂಟಿನಲ್ಲಿ ಫಿಲ್ಟರ್ ನೀರು ಕುಡಿದು ಬೆಳೆಯುತ್ತಿದ್ದಾರೆ. ಅಂದರೆ ನಾನು ಕಾಡಿಲಿ, ಅವರು ಗೂಡಿನ ಇಲಿ ಅಂತಲಾ?’

ಅಷ್ಟು ದೂರ ಎಳೆಯಲಾರೆ ಎಂದೆ. ಅಪಾರ್ಟ್‌ಮೆಂಟಿನ ಮಗುವಿಗೂ ಶಾಲೆಯಿದೆ, ನೆಗಡಿಯಿದೆ, ಲಸಿಕೆಯಿದೆ, ಅದು ಗೂಡಿನ ಇಲಿಯಷ್ಟು ಒಂಟಿಯಲ್ಲ. ಆದರೆ ನಿಮ್ಮ ಪ್ರಶ್ನೆಗೆ ನಮ್ಮ ಪಕ್ಕದಲ್ಲೇ ಒಂದು ಉತ್ತರ ಬರೆದಿಟ್ಟಿದ್ದಾರೆ ಎಂದೆ. ಹುಟ್ಟಿದ ಮಗುವಿಗೆ ಕ್ಷಯದ ವಿರುದ್ಧ ಕೊಡುವ ಬಿಸಿಜಿ ಲಸಿಕೆ ಕೆಲಸ ಮಾಡುವುದು ಟಿಎಚ್1 ಕೋಶಗಳ ಮೂಲಕ. ಇಂಟರ್‌ಲ್ಯೂಕಿನ್-12 ಅಥವಾ ಇಂಟರ್‌ಫೆರಾನ್ ಗಾಮಾದ ದಾರಿಯಲ್ಲಿ ಹುಟ್ಟಿನಿಂದಲೇ ದೋಷವಿರುವ ಅಪರೂಪದ ಮಕ್ಕಳಲ್ಲಿ ಆ ಲಸಿಕೆಯ ನಿರುಪದ್ರವಿ ಕ್ರಿಮಿಯೇ ಮೈಯೆಲ್ಲ ಹರಡಿಬಿಡುತ್ತದೆ, ಅದರಿಂದ ಈ ಕೋಶಗಳ ಬೆಲೆ ಗೊತ್ತಾಗುತ್ತದೆ. ಬ್ರಿಟನ್ನಿನ ಶಾಲಾಮಕ್ಕಳಲ್ಲಿ ಬಿಸಿಜಿ ಚೆನ್ನಾಗಿ ಕಾಪಾಡಿತ್ತು. 1968ರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ ಲಕ್ಷಾಂತರ ಜನರ ಮೇಲೆ ದೊಡ್ಡ ಪರೀಕ್ಷೆ ಶುರುವಾಯಿತು, ಅಲ್ಲಿ ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಅದು ತಡೆಯಲಿಲ್ಲ.

ಕಾರಣ ಏನಿರಬಹುದು ಎಂಬುದಕ್ಕೆ ಒಂದು ಬಲವಾದ ವಿವರಣೆ ಮಣ್ಣಿನಲ್ಲಿದೆ. ನಮ್ಮ ನೀರಿನಲ್ಲಿ, ಮಣ್ಣಿನಲ್ಲಿ ಕ್ಷಯದ ಕ್ರಿಮಿಯ ನಿರುಪದ್ರವಿ ದಾಯಾದಿಗಳು ಧಾರಾಳ. ಬರಿಗಾಲಲ್ಲಿ ಓಡಾಡಿದವರ ಸಹಾಯಕ ಟಿ ಕೋಶಗಳು ಅವನ್ನು ಮೊದಲೇ ಕಂಡಿರುತ್ತವೆ. 2002ರಲ್ಲಿ ಬ್ರಿಟನ್ ಮತ್ತು ಮಲಾವಿಯ ಯುವಜನರನ್ನು ಹೋಲಿಸಿದಾಗ, ಬಿಸಿಜಿ ಕೊಟ್ಟ ಮೇಲೆ ಬ್ರಿಟನ್ನಿನವರಲ್ಲಿ ಇಂಟರ್‌ಫೆರಾನ್ ಗಾಮಾ ಜಿಗಿಯಿತು, ಮಲಾವಿಯವರಲ್ಲಿ ಅದು ಲಸಿಕೆಗೆ ಮೊದಲೇ ಇತ್ತು, ಹೆಚ್ಚಿದ್ದು ಅಲ್ಪ. ಅದೇ ವರ್ಷ ಇನ್ನೊಂದು ತಂಡ ಮಲಾವಿಯ ಮಣ್ಣುನೀರಿನ ಅಂಥ ಕ್ರಿಮಿಗಳನ್ನು ಗೂಡಿನ ಇಲಿಗಳಿಗೆ ಮೊದಲು ಕೊಟ್ಟು, ಆಮೇಲೆ ಬಿಸಿಜಿ ಹಾಕಿತು. ಶುದ್ಧ ಇಲಿಯಲ್ಲಿ ಸೊಗಸಾಗಿ ಹತ್ತುವ ಲಸಿಕೆಯ ಕ್ರಿಮಿ ಈ ಇಲಿಗಳಲ್ಲಿ ಬೆಳೆಯಲೇ ಇಲ್ಲ.

ಹಿರಿಯರು ಒಂದು ಕ್ಷಣ ಸುಮ್ಮನಿದ್ದು, ಅಂಗಿಯ ಎಡತೋಳು ಮೇಲೆ ಸರಿಸಿದರು. ಚಿಕ್ಕಂದಿನಲ್ಲಿ ಶಾಲೆಗೆ ಬಂದು ಹಾಕಿದ ಬಿಸಿಜಿಯ ಗುಂಡನೆಯ ಕಲೆ ಇನ್ನೂ ಅಲ್ಲೇ ಇತ್ತು. ‘ಹಾಗಾದರೆ ಇದು ನನ್ನನ್ನು ಕಾಯ್ತೋ, ಇಲ್ಲಾ ಕೆರೆ ನೀರು ಕಾಯ್ತೋ?’ ಎಂದರು. ಅವರೊಬ್ಬರ ವಿಷಯದಲ್ಲಿ ಅದನ್ನು ಹೇಳುವುದು ಯಾರಿಂದಲೂ ಆಗದು, ಹಾಗೇ ಹೇಳಿದೆ. ಪಕ್ಕದಲ್ಲಿದ್ದ ಮೊಮ್ಮಗಳು ತನ್ನ ತೋಳಿನ ಚಿಕ್ಕ ಕಲೆಯನ್ನು ತಾತನ ಕಲೆಯ ಪಕ್ಕ ಹಿಡಿದು ನೋಡುತ್ತಿದ್ದಳು.